ಡಬ್ಬಿ ಬದಲಿಸಿದರೆ ಬಲ ಬರುವುದಿಲ್ಲ

ಠಾಣೆಯ ತೀನ್ ಹಾತ್ ನಾಕಾದಿಂದ ಕಲ್ಯಾಣದ ಪತ್ರಿ ಪೂಲ್‌ವರೆಗೆ, ಡೊಂಬಿವಲಿಯಿಂದ ವಾಶಿಯವರೆಗೆ, ಟರ್ಬೊ ಕಾರು ಕೊಂಡ ನಮ್ಮ ಹುಡುಗರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಎಂಜಿನ್ನಿಗೆ ಉಸಿರು ಕಟ್ಟಿದೆ, ಕಂಪನಿ ಕೊಟ್ಟ ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತು ಕೋನ್ ಫಿಲ್ಟರ್ ಹಾಕಿಸಿದರೆ ಸಾಕು, ಪಿಕಪ್ ತಾನಾಗಿ ಬರುತ್ತದೆ ಎಂಬ ನಂಬಿಕೆ. ಗ್ಯಾರೇಜಿನವನು ಹೇಳುತ್ತಾನೆ, ಹಾಕಿಸಿಕೊಂಡ ಗೆಳೆಯ ಆಣೆ ಮಾಡುತ್ತಾನೆ, ಅಂಗಡಿಯವನು ಹತ್ತು ಕುದುರೆಶಕ್ತಿಯ ಮಾತಾಡುತ್ತಾನೆ. ಏಳು ವರ್ಷದ ಸಾಲದ ಮೇಲೆ ಮೊದಲ ಕಾರು ತಂದ ಹುಡುಗ ಇನ್ನಷ್ಟು ಸಾವಿರ ಸುರಿದು ಬರುತ್ತಾನೆ. ಕಂತು ಕಟ್ಟಲು ಸಹಾಯ ಮಾಡುವ ಅಪ್ಪನಿಗೆ ಇದು ತಿಳಿಯುವುದಿಲ್ಲ, ತಿಳಿದರೂ ಒಳ್ಳೆಯದೇ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾನೆ.

ಒಳ್ಳೆಯದಲ್ಲ. ಕಾರ್ಖಾನೆಯ ಸಾಫ್ಟ್‌ವೇರ್ ಹಾಗೇ ಇರುವ ಟರ್ಬೊ ಕಾರಿನಲ್ಲಿ ಗಾಳಿಯ ದಾರಿಯನ್ನಷ್ಟೇ ಬದಲಿಸಿದರೆ ಗಣನೆಗೆ ಬರುವ ಬಲ ಸಿಗುವುದಿಲ್ಲ. ನಮ್ಮ ಈ ಪಟ್ಟಿಯಲ್ಲಂತೂ, ಇಲ್ಲಿನ ಧೂಳು, ಸೆಕೆ, ಮಳೆಯಲ್ಲಿ, ಅದು ಎಂಜಿನ್ನಿನ ಆಯುಷ್ಯವನ್ನೇ ತಿನ್ನುತ್ತದೆ.

ಟರ್ಬೊ ಇಲ್ಲದ ಹಳೆಯ ಎಂಜಿನ್ ಹೊರಗಿನ ವಾತಾವರಣದ ಒತ್ತಡವನ್ನೇ ನಂಬಿಕೊಂಡಿತ್ತು. ಪಿಸ್ಟನ್ ಕೆಳಗಿಳಿದಾಗ ಎಷ್ಟು ಗಾಳಿ ನುಗ್ಗಿತೋ ಅಷ್ಟೇ. ದಾರಿಯಲ್ಲಿ ಅಡ್ಡಿಯಿದ್ದರೆ ಅದು ನೇರವಾಗಿ ನಷ್ಟ. ಗಾಳಿಯ ದಾರಿ ಸಲೀಸಾಗಬೇಕೆಂಬ ಹಳೆಯ ಬುದ್ಧಿ ಹುಟ್ಟಿದ್ದು ಅಲ್ಲಿ, ಆ ಎಂಜಿನ್ನಿಗೆ ಅದು ಸ್ವಲ್ಪಮಟ್ಟಿಗೆ ನಿಜವೂ ಹೌದು. ಆದರೆ ಇವತ್ತಿನ ಟರ್ಬೊ ಪೆಟ್ರೋಲ್ ಕಾರಿನಲ್ಲಿ ನಿಮ್ಮ ಕಾಲು ಆಕ್ಸಿಲರೇಟರನ್ನು ಒತ್ತಿದಾಗ ತೆರೆಯುವುದು ಗಾಳಿಯ ಬಾಗಿಲಲ್ಲ. ಅದು ಇಷ್ಟು ಟಾರ್ಕ್ ಬೇಕು ಎಂದು ಇಸಿಯುಗೆ, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರಿಗೆ, ಸಲ್ಲಿಸುವ ಒಂದು ಬೇಡಿಕೆ. ಇಸಿಯು ಅದಕ್ಕೆ ಎಷ್ಟು ಗಾಳಿ ಬೇಕೆಂದು ಲೆಕ್ಕ ಹಾಕುತ್ತದೆ, ಮ್ಯಾನಿಫೋಲ್ಡಿನ ಒತ್ತಡವನ್ನು ಸೆನ್ಸರಿನಿಂದ ಓದುತ್ತದೆ, ಗುರಿ ಮುಟ್ಟುವವರೆಗೆ ಟರ್ಬೊವನ್ನು ತಿರುಗಿಸುತ್ತದೆ. ಮುಟ್ಟಿದ ಕೂಡಲೇ ವೇಸ್ಟ್‌ಗೇಟ್ ತೆರೆದು ಉಳಿದ ಹೊಗೆಯನ್ನು ಟರ್ಬೈನಿನ ಪಕ್ಕದಿಂದ ಹೊರಗೆ ಬಿಡುತ್ತದೆ. ನೀವು ಫಿಲ್ಟರಿನ ಅಡ್ಡಿಯನ್ನು ಕಡಿಮೆ ಮಾಡಿದಿರಿ ಅಂದುಕೊಳ್ಳಿ, ವೇಸ್ಟ್‌ಗೇಟ್ ಕೂದಲೆಳೆಯಷ್ಟು ಹೆಚ್ಚು ತೆರೆಯುತ್ತದೆ. ಚಕ್ರಕ್ಕೆ ತಲುಪುವ ಟಾರ್ಕ್ ಇದ್ದಲ್ಲೇ ಇರುತ್ತದೆ.

ಇದಕ್ಕೆ ಸಾಕ್ಷಿ ಕಾರಿನ ಜಾಹೀರಾತು ಹಾಳೆಯಲ್ಲೇ ಇದೆ. ಫೋಕ್ಸ್‌ವ್ಯಾಗನ್ ವರ್ಟಸ್‌ನ 1.0 ಟಿಎಸ್‌ಐ ಎಂಜಿನ್ 1,750ರಿಂದ 4,500 ಆರ್‌ಪಿಎಂವರೆಗೆ 178 ನ್ಯೂಟನ್ ಮೀಟರ್ ಕೊಡುತ್ತದೆ. ಹ್ಯುಂಡೈ ವೆನ್ಯೂ ಟರ್ಬೊ 1,500ರಿಂದ 4,000ದವರೆಗೆ 172. ಅಷ್ಟು ಅಗಲದ ವೇಗದಲ್ಲಿ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ ಯಾವ ಎಂಜಿನ್ನಿನ ಸಹಜ ಸ್ವಭಾವವೂ ಅಲ್ಲ. ಅದು ಸಾಫ್ಟ್‌ವೇರ್ ಹಾಕಿದ ಮಿತಿ. ಗೇರ್‌ಬಾಕ್ಸ್, ಕ್ಲಚ್, ಟರ್ಬೊ, ಪಿಸ್ಟನ್, ಹೊಗೆಯ ನಿಯಮ, ಎಲ್ಲವನ್ನೂ ತೂಗಿ ಎಂಜಿನಿಯರು ಇಲ್ಲಿಗೆ ಸಾಕು ಎಂದು ಬರೆದಿಟ್ಟ ಗೆರೆ. ಗಾಳಿಯ ಕೊರತೆಯಿಂದ ನಿಂತಿರದ ಟಾರ್ಕ್, ಗಾಳಿ ಹೆಚ್ಚು ಕೊಟ್ಟರೆ ಏಕೆ ಏರಬೇಕು?

ಟರ್ಬೊ ಹೆಸರು ಮಾಡಿದ್ದೇ ಗಾಳಿಯ ಬಡತನವನ್ನು ಗೆದ್ದು. 1918ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫೋರ್ಡ್ ಮಾಸ್ ಒಂದು ಲಿಬರ್ಟಿ ವಿಮಾನ ಎಂಜಿನ್ನನ್ನು ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಹೊತ್ತೊಯ್ದ. ಎತ್ತರ 14,000 ಅಡಿ. ಸಮುದ್ರಮಟ್ಟದಲ್ಲಿ 350 ಕುದುರೆಶಕ್ತಿ ಕೊಡುತ್ತಿದ್ದ ಎಂಜಿನ್ ಆ ತೆಳುಗಾಳಿಯಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಅಲ್ಲಿ ವಾಯುಒತ್ತಡ ಸುಮಾರು ಶೇ 40ರಷ್ಟು ಕಡಿಮೆ. ಅಷ್ಟನ್ನೂ ತುಂಬಿಕೊಟ್ಟ ಯಂತ್ರ ನಿಮ್ಮ ಕಾರಿನ ಪ್ಲಾಸ್ಟಿಕ್ ಡಬ್ಬಿಗೆ ಸೋಲುತ್ತದೆಯೆ?

ಅಮೆರಿಕದವರೆಗೆ ಹೋಗುವುದೂ ಬೇಡ. ಒಳ್ಳೆಯ ಸ್ಥಿತಿಯಲ್ಲಿರುವ ಕಾರ್ಖಾನೆಯ ಫಿಲ್ಟರ್ ಮತ್ತು ಡಬ್ಬಿ ಸೇರಿ ಪೂರ್ಣ ವೇಗದಲ್ಲಿ ತಿನ್ನುವ ಒತ್ತಡ ಸಾಮಾನ್ಯವಾಗಿ ಎರಡು–ಮೂರು ಕಿಲೊಪಾಸ್ಕಲ್ ಆಸುಪಾಸು. ಸಮುದ್ರಮಟ್ಟದ ಠಾಣೆ, ಪನ್ವೇಲ್ ಕಡೆಯಿಂದ ಬೋರ್ ಘಾಟ್ ಹತ್ತಿ 620 ಮೀಟರ್ ಎತ್ತರದ ಲೋನಾವಾಳಾ ಮುಟ್ಟಿದಾಗ ಹೊರಗಿನ ಗಾಳಿಯೇ ಸುಮಾರು ಏಳು ಕಿಲೊಪಾಸ್ಕಲ್ ಕಳೆದುಕೊಂಡಿರುತ್ತದೆ. ಬೆಳಗಾವಿಗೋ ಧಾರವಾಡಕ್ಕೋ ಊರಿಗೆ ಹೊರಟ ನಮ್ಮವರು ಎಷ್ಟೋ ಜನ ಟರ್ಬೊ ಕಾರಿನಲ್ಲಿ ಆ ಘಾಟ್ ಹತ್ತುತ್ತಾರೆ. ಲೋನಾವಾಳಾದಲ್ಲಿ ಎಂಜಿನ್ ಸೊರಗಿತು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ಏಕೆಂದರೆ ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆ ತುಂಬಿತು. ಏಳನ್ನು ಗುರುತಿಸದ ಕಾಲು ಎರಡನ್ನು ಗುರುತಿಸಲಾರದು.

ರೇಸಿನ ಕಾರುಗಳಲ್ಲಿ ದೊಡ್ಡ ಇಂಟೇಕ್ ಇರುವುದಿಲ್ಲವೆ ಎಂದು ಕೇಳುವವರಿದ್ದಾರೆ. ರ್‍ಯಾಲಿ ನೋಡೋಣ. ಅಂತರರಾಷ್ಟ್ರೀಯ ರ್‍ಯಾಲಿಗಳ ಆರ್5 ದರ್ಜೆಯ, ಈಗ ರ್‍ಯಾಲಿ2 ಎನ್ನುವ, ಕಾರುಗಳ 1.6 ಲೀಟರ್ ಟರ್ಬೊ ಎಂಜಿನ್ನಿಗೆ ನಿಯಮದ ಪ್ರಕಾರವೇ 32 ಮಿಲಿಮೀಟರ್ ವ್ಯಾಸದ ಒಂದು ರಂಧ್ರದ ಮೂಲಕ ಮಾತ್ರ ಗಾಳಿ. ಶಕ್ತಿಯನ್ನು ಹಿಡಿದಿಡಲೆಂದೇ ಹಾಕಿದ ಆ ಸಣ್ಣ ಕಂಡಿಯಿಂದಲೇ ಅವು 280ಕ್ಕೂ ಹೆಚ್ಚು ಕುದುರೆಶಕ್ತಿ ತೆಗೆಯುತ್ತವೆ. ನಿಮ್ಮದು 100 ಅಥವಾ 120 ಪಿಎಸ್ ಕಾರು. ಅದರ ಇಂಟೇಕ್ ಪೈಪಿಗೆ ಎರಡು ಬೆರಳು ಜೋಡಿಸಿ ಇಟ್ಟು ನೋಡಿ, ರ್‍ಯಾಲಿ ಕಾರಿನ ಕಂಡಿಗಿಂತ ಅದು ಅಗಲವಾಗಿಯೇ ಇರುತ್ತದೆ. ಗಾಳಿಯ ದಾರಿ ಕಟ್ಟುವುದು ಆ ಮಟ್ಟದಲ್ಲಿ, ನಮ್ಮ ಮಟ್ಟದಲ್ಲಲ್ಲ.

ಎದುರು ಪಕ್ಷದವರ ಗಟ್ಟಿ ವಾದವನ್ನು ಎತ್ತದೆ ಮುಂದೆ ಹೋಗುವುದು ಸರಿಯಲ್ಲ. ಅವರು ಹೇಳುವುದು ಹೀಗೆ: ಬಲ ಹೆಚ್ಚದಿದ್ದರೂ ಅಡ್ಡಿ ಕಡಿಮೆಯಾದರೆ ಟರ್ಬೊಗೆ ಕೆಲಸ ಕಡಿಮೆ, ಬೇಗ ಸ್ಪೂಲ್ ಆಗುತ್ತದೆ, ಅಂದರೆ ಬೇಗ ವೇಗ ಹಿಡಿಯುತ್ತದೆ, ಗಾಳಿ ಕಡಿಮೆ ಬಿಸಿಯಾಗುತ್ತದೆ. ತತ್ವದಲ್ಲಿ ಇದು ನಿಜ, ಪ್ರಮಾಣದಲ್ಲಿ ಮಾತ್ರ ನಿಲ್ಲುವುದಿಲ್ಲ. ಹೊರಗೆ 35 ಡಿಗ್ರಿ ಸೆಲ್ಸಿಯಸ್, ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ತರುತ್ತದೆ, ಕಂಪ್ರೆಸರ್ ದಕ್ಷತೆ ಶೇ 70 ಎಂದಿಟ್ಟುಕೊಂಡು ಲೆಕ್ಕ ಹಾಕಿ. ಕಂಪ್ರೆಸರಿನಿಂದ ಹೊರಬರುವ ಗಾಳಿ ಸುಮಾರು 131 ಡಿಗ್ರಿ. ದಾರಿಯಲ್ಲಿ ಎರಡು ಕಿಲೊಪಾಸ್ಕಲ್ ಅಡ್ಡಿಯಿದ್ದರೆ ಅದು 134 ಆಗುತ್ತದೆ. ಆ ಅಡ್ಡಿಯನ್ನು ಪೂರ್ತಿ ಇಲ್ಲವಾಗಿಸಿದರೂ, ಯಾವ ಫಿಲ್ಟರೂ ಹಾಗೆ ಮಾಡಲಾರದು, ಲಾಭ ಮೂರು ಡಿಗ್ರಿ. ಅದನ್ನೂ ಇಂಟರ್‌ಕೂಲರ್ ಮುಕ್ಕಾಲುಪಾಲು ನುಂಗಿಬಿಡುತ್ತದೆ.

ಈಗ ಅದೇ ಕಾರಿಗೆ ಬಾನೆಟ್ಟಿನೊಳಗೆ ಬರಿಮೈ ಕೋನ್ ಫಿಲ್ಟರ್ ಹಾಕಿ. ಕಾರ್ಖಾನೆಯ ಡಬ್ಬಿ ಸಾಮಾನ್ಯವಾಗಿ ಮುಂಭಾಗದಿಂದ, ರೇಡಿಯೇಟರಿನ ಮೇಲಿನಿಂದ ಹೊರಗಿನ ಗಾಳಿಯನ್ನು ಸೆಳೆಯುತ್ತಿತ್ತು. ಕೋನ್ ಸೆಳೆಯುವುದು ಎಂಜಿನ್ ಸುತ್ತಲ ಬಿಸಿಗಾಳಿಯನ್ನು. ಕಲ್ಯಾಣ–ಶಿಳ್ ರಸ್ತೆಯ ಮೇ ತಿಂಗಳ ಟ್ರಾಫಿಕ್ಕಿನಲ್ಲಿ ಅದು 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. 60ರ ಗಾಳಿ ಒಳಹೋದರೆ ಮೇಲಿನ ಲೆಕ್ಕದಲ್ಲೇ ಹೊರಬರುವುದು 164 ಡಿಗ್ರಿ. ಮೂರು ಡಿಗ್ರಿ ಉಳಿಸಲು ಹೊರಟು ಮೂವತ್ತಮೂರು ಡಿಗ್ರಿ ಹೊತ್ತು ತಂದಂತಾಯಿತು. ಬಿಸಿಗಾಳಿಯಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯುತ್ತದೆ, ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಳ್ಳುತ್ತದೆ, ಇಸಿಯು ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ. ಶಿಳ್‌ಫಾಟಾ ದಾಟಿ ಮಹಾಪೆಯ ಕಡೆ ರಸ್ತೆ ಬಿಚ್ಚಿಕೊಂಡಾಗ ನಿಮಗೆ ಬೇಕಾದ ಪಿಕಪ್ ಅಷ್ಟರಲ್ಲಿ ಕೈತಪ್ಪಿರುತ್ತದೆ. ಶಾಖ ತಡೆಯುವ ತಗಡು, ಮುಚ್ಚಿದ ಡಬ್ಬಿ ಇರುವ ದುಬಾರಿ ಕಿಟ್‌ಗಳು ಈ ನಷ್ಟವನ್ನು ತಗ್ಗಿಸುತ್ತವೆ, ನಿಜ. ಹಾಗೆ ಮಾಡುತ್ತಾ ಹೋದಂತೆ ಅವು ಕಾರ್ಖಾನೆಯ ಡಬ್ಬಿಗೇ ಹತ್ತಿರವಾಗುತ್ತವೆ. ಬಿಟ್ಟಿಯಾಗಿ ಬಂದದ್ದನ್ನೇ ಮತ್ತೆ ದುಡ್ಡು ಕೊಟ್ಟು ಕೊಂಡಂತೆ.

ಹಾಗಾದರೆ ಹಾಕಿಸಿಕೊಂಡವರೆಲ್ಲ ಸುಳ್ಳು ಹೇಳುತ್ತಾರೆಯೆ? ಇಲ್ಲ. ಅವರು ಅನುಭವಿಸಿದ್ದನ್ನೇ ಹೇಳುತ್ತಾರೆ, ಆದರೆ ಅನುಭವಿಸಿದ್ದು ಸದ್ದನ್ನು. ಕಾರ್ಖಾನೆಯ ಡಬ್ಬಿಯಲ್ಲಿ ರೆಸೊನೇಟರ್ ಎಂಬ ಕೋಣೆಗಳಿರುತ್ತವೆ, ಟರ್ಬೊ ಗಾಳಿ ಎಳೆಯುವ ಸಿಳ್ಳು, ಕಾಲು ಎತ್ತಿದಾಗ ಹೊಮ್ಮುವ ಉಸ್ ಎಂಬ ಸದ್ದು ಎರಡನ್ನೂ ಅವು ನುಂಗುತ್ತವೆ. ಡಬ್ಬಿ ಹೋದರೆ ಆ ಸದ್ದೆಲ್ಲ ನೇರವಾಗಿ ಕಿವಿಗೆ. ಜೋರಾಗಿ ಕೇಳಿಸುವ ಕಾರು ಜೋರಾಗಿ ಓಡುತ್ತದೆ ಎಂದು ಮೈ ನಂಬಿಬಿಡುತ್ತದೆ. ಅದರ ಜೊತೆಗೆ ಇನ್ನೊಂದು ಗೋಜಲು ಸೇರುತ್ತದೆ: ಹೋಲಿಕೆ ನಡೆಯುವುದು ಧೂಳು ಮೆತ್ತಿದ ಹಳೆಯ ಫಿಲ್ಟರಿಗೂ ಹೊಸ ಫಿಲ್ಟರಿಗೂ. ಕೆಲವು ನೂರು ರೂಪಾಯಿಯ ಹೊಸ ಪೇಪರ್ ಫಿಲ್ಟರ್ ಹಾಕಿದ್ದರೂ ಆ ವ್ಯತ್ಯಾಸ ಬರುತ್ತಿತ್ತು.

ಬಲ ಅಳೆಯುವ ಡೈನೊ ಯಂತ್ರದ ಚೀಟಿ ತೋರಿಸುವವರ ವಿಷಯ ಇದಕ್ಕಿಂತ ಗಂಭೀರ, ಏಕೆಂದರೆ ಅದಕ್ಕೆ ವಿಜ್ಞಾನದ ವೇಷವಿದೆ. ಡೈನೊ ಮೇಲೆ ಕಾರು ನಿಲ್ಲಿಸಿ, ಬಾನೆಟ್ ತೆರೆದು, ಎದುರಿಗೆ ದೊಡ್ಡ ಫ್ಯಾನ್ ಇಟ್ಟು ಓಡಿಸುತ್ತಾರೆ. ತೆರೆದ ಬಾನೆಟ್ಟಿನಡಿ ಕೋನ್ ಫಿಲ್ಟರಿಗೆ ತಂಪುಗಾಳಿಯ ಸುಗ್ಗಿ. ರಸ್ತೆಯಲ್ಲಿ ಯಾರೂ ಬಾನೆಟ್ ತೆರೆದು ಓಡಿಸುವುದಿಲ್ಲ. ಒಂದೇ ಕಾರನ್ನು ಏನೂ ಬದಲಿಸದೆ ಎರಡು ಸಲ ಓಡಿಸಿದರೂ ಅಂಕಿ ಶೇ ಎರಡು–ಮೂರು ಅತ್ತಿತ್ತ ಆಗುವುದು ಸಾಮಾನ್ಯ. 115 ಪಿಎಸ್ ಕಾರಿನಲ್ಲಿ ಅದೇ ಮೂರು ಪಿಎಸ್. ಹವೆಗೆ ತಕ್ಕಂತೆ ಅಂಕಿ ತಿದ್ದುವ ಸೂತ್ರಗಳೂ ಟರ್ಬೊ ಕಾರಿಗೆ ಮೋಸ ಮಾಡುತ್ತವೆ. ಹೊರಗಿನ ಗಾಳಿ ತೆಳುವಾದಾಗ ಟರ್ಬೊ ಆಗಲೇ ಅದನ್ನು ಸರಿಪಡಿಸಿರುತ್ತದೆ, ಸೂತ್ರ ಅದರ ಮೇಲೆ ಮತ್ತೊಮ್ಮೆ ಸೇರಿಸುತ್ತದೆ. ಒಂದೊಂದೇ ಓಟದ ಎರಡು ಗೆರೆಗಳನ್ನು ಅಕ್ಕಪಕ್ಕ ಇಟ್ಟು ಲಾಭವೆಂದು ತೋರಿಸುವುದು ಪರೀಕ್ಷೆಯಲ್ಲ.

ಡೀಸೆಲ್ ಕಾರುಗಳಲ್ಲಿ ಈ ವ್ಯಾಪಾರ ಇನ್ನೂ ಅರ್ಥಹೀನ. ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ನಿಲ್ಲಿಸಿದ ಮೇಲೂ 1.3 ಮಲ್ಟಿಜೆಟ್ ಎಂಜಿನ್ನಿನ ಸ್ವಿಫ್ಟ್, ಡಿಸೈರ್, ಎರ್ಟಿಗಾಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಉರಿಯುತ್ತದೆ. ಬಲವನ್ನು ನಿರ್ಧರಿಸುವುದು ಎಷ್ಟು ಡೀಸೆಲ್ ಚಿಮ್ಮಿತು ಎಂಬುದು, ಅದನ್ನು ಬರೆದಿಟ್ಟಿರುವುದು ಇಸಿಯು. ಇದೇ ಮಲ್ಟಿಜೆಟ್ಟನ್ನು 75ರಿಂದ 90 ಪಿಎಸ್‌ಗೆ ಏರಿಸಬೇಕಾದಾಗ ತಯಾರಕರು ಏರ್ ಫಿಲ್ಟರ್ ಬದಲಿಸಿ ಸುಮ್ಮನಾಗಲಿಲ್ಲ, ಟರ್ಬೊವನ್ನೇ ಬದಲಿಸಿ ವೇರಿಯಬಲ್ ಜಾಮೆಟ್ರಿಯದನ್ನು ತಂದರು. ಮೇಲಾಗಿ ಅದರ ಏರ್‌ಫ್ಲೋ ಸೆನ್ಸರ್ ಕೂತಿರುವುದು ಫಿಲ್ಟರಿನ ಹಿಂದೆಯೇ. ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರಿನಿಂದ ಎಣ್ಣೆ ಹಾರಿ ಆ ಸೆನ್ಸರಿಗೆ ಅಂಟಿದರೆ, ಪೈಪಿನ ಅಗಲ ಬದಲಾದರೆ, ಅದು ಗಾಳಿಯನ್ನು ತಪ್ಪಾಗಿ ಅಳೆಯುತ್ತದೆ. ಇದ್ದ ಪಿಕಪ್ಪೂ ಹೋಗುತ್ತದೆ. ಹಳೆಯ ಮಲ್ಟಿಜೆಟ್ ಎಳೆಯುತ್ತಿಲ್ಲ ಎಂದು ಬಂದವನ ಕಾರಿನಲ್ಲಿ ಮೊದಲು ನೋಡಬೇಕಾದ್ದು ಬಿರುಕುಬಿಟ್ಟ ಬೂಸ್ಟ್ ಹೋಸ್, ಸಡಿಲವಾದ ಕ್ಲಿಪ್, ಮಸಿ ಕಟ್ಟಿದ ಇಜಿಆರ್ ವಾಲ್ವ್. ಅದನ್ನು ನೋಡದೆ ಫಿಲ್ಟರ್ ಮಾರುವವನು ಮೆಕ್ಯಾನಿಕ್ ಕೆಲಸ ಮಾಡುತ್ತಿಲ್ಲ.

ಬಲ ಬಾರದಿದ್ದರೆ ಹೋಗಲಿ, ಸದ್ದಾದರೂ ಇರಲಿ ಅನ್ನಬಹುದಿತ್ತು, ನಾವು ಇರುವ ಜಾಗ ಬೇರೆಯಾಗಿದ್ದರೆ. ಘೋಡ್‌ಬಂದರ್ ರಸ್ತೆಯಲ್ಲಿ ಮೆಟ್ರೊ 4, ಭಿವಂಡಿ–ಕಲ್ಯಾಣದ ಕಡೆ ಮೆಟ್ರೊ 5, ಕಲ್ಯಾಣ–ತಳೋಜಾಕ್ಕೆ ಮೆಟ್ರೊ 12. ವರ್ಷಗಟ್ಟಲೆ ಅಗೆದ ರಸ್ತೆ, ಕಾಂಕ್ರೀಟ್ ಪುಡಿ, ಮಣ್ಣು ಹೊತ್ತ ಡಂಪರು. ತುರ್ಭೆ, ಮಹಾಪೆ ಕಡೆ ಗುಡ್ಡ ಕೊರೆದ ಕಲ್ಲುಗಣಿಗಳ ಜಾಗ. ಮುಂಬ್ರಾ ಬೈಪಾಸಿನಲ್ಲಿ ಹಗಲಿರುಳು ಕಂಟೇನರು. 2020ರ ಫೆಬ್ರುವರಿಯಲ್ಲಿ ಡೊಂಬಿವಲಿ ಎಂಐಡಿಸಿಯ ಒಂದು ರಸ್ತೆ ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದು ನೆನಪಿರಬೇಕು. ನಾವು ಉಸಿರಾಡುವ ಈ ಗಾಳಿಯನ್ನೇ ಎಂಜಿನ್ನೂ ಎಳೆಯುತ್ತದೆ, ಪೂರ್ಣ ಬಲದಲ್ಲಿ 115 ಪಿಎಸ್ ಕಾರು ಗಂಟೆಗೆ 280 ಘನ ಮೀಟರಿನ ಹತ್ತಿರ.

ಆ ಧೂಳಿನಲ್ಲಿರುವ ಸಿಲಿಕಾ, ಅಂದರೆ ಸ್ಫಟಿಕದ ಕಣ, ಮೋಸ್ ಮಾಪಕದಲ್ಲಿ 7ರ ಗಡಸು. ಸಣ್ಣ ಟರ್ಬೊದ ಅಲ್ಯೂಮಿನಿಯಂ ಕಂಪ್ರೆಸರ್ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಆ ವೇಗದಲ್ಲಿ ಒಂದೊಂದು ಕಣವೂ ರೆಕ್ಕೆಯ ಅಂಚನ್ನು ಸವೆಸುತ್ತದೆ. ಅಲ್ಲಿಂದ ದಾಟಿದ್ದು ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವಿನ, ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪದರದಲ್ಲಿ ಸೇರಿಕೊಂಡು ಗೀರುತ್ತದೆ. ಎಂಜಿನ್ ಆಯಿಲ್ ಪರೀಕ್ಷೆಗೆ ಕಳಿಸಿದರೆ ಸಿಲಿಕಾನ್ ಏರಿದ್ದು ಕಾಣುತ್ತದೆ. ಇಲ್ಲಿ ಯಾರು ಕಳಿಸುತ್ತಾರೆ? ಫಿಲ್ಟರ್‌ಗಳನ್ನು ಅಳೆಯಲು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಿದೆ, ಗೊತ್ತಾದ ಗಾತ್ರದ ಧೂಳನ್ನು ಹಾಯಿಸಿ ಎಷ್ಟು ಹಿಡಿಯಿತು, ಎಷ್ಟು ಬಿಟ್ಟಿತು ಎಂದು ತೂಗುತ್ತಾರೆ. ಒಳ್ಳೆಯ ಪೇಪರ್ ಫಿಲ್ಟರ್ ಅದರಲ್ಲಿ ಶೇ 99ಕ್ಕೂ ಹೆಚ್ಚು ಹಿಡಿಯುತ್ತದೆ. ಒಂದು ಶೇ 99.5 ಹಿಡಿದು ಇನ್ನೊಂದು ಶೇ 98 ಹಿಡಿದರೆ ಅಂಗಡಿಯವನು ಎರಡೂ ಒಂದೇ ಅನ್ನುತ್ತಾನೆ. ಎಂಜಿನ್ನಿನ ಕಡೆಯಿಂದ ನೋಡಿ: ಅರ್ಧ ಪಾಲಿನ ಬದಲು ಎರಡು ಪಾಲು, ಅಂದರೆ ನಾಲ್ಕು ಪಟ್ಟು ಧೂಳು ಒಳಗೆ. ಗಾಳಿ ಸಲೀಸಾಗಿ ಹರಿಯಲೆಂದು ಜಾಲರಿಯನ್ನು ಸಡಿಲ ಮಾಡಿದಷ್ಟೂ ಈ ಅಪಾಯ ಏರುತ್ತದೆ. ಕೋನ್ ಫಿಲ್ಟರ್ ಕೊಳ್ಳುವ ಮೊದಲು ಆ ಪರೀಕ್ಷೆಯ ಹಾಳೆ ಕೇಳಿ. ಬೀದಿಬದಿಯ ಕೋನ್‌ಗೆ ಅಂಥ ಹಾಳೆ ಇರುವುದಿಲ್ಲ. ತೊಳೆದು ಎಣ್ಣೆ ಹಚ್ಚಿ ಮತ್ತೆ ಬಳಸುವ ಹತ್ತಿಯ ಫಿಲ್ಟರನ್ನು ಸರಿಯಾಗಿ ಒಣಗಿಸಿ, ಅಳತೆಯ ಎಣ್ಣೆ ಹಚ್ಚಿ, ಅಂಚು ಕೂತಿದೆಯೆ ಎಂದು ನೋಡುವ ತಾಳ್ಮೆಯೂ ಎಲ್ಲರಿಗೂ ಇರುವುದಿಲ್ಲ.

ಧೂಳು ನಿಧಾನವಾಗಿ ಕೊಲ್ಲುತ್ತದೆ, ನೀರು ಒಂದೇ ಕ್ಷಣದಲ್ಲಿ. ಬಿಸಿಗಾಳಿಯ ಸಮಸ್ಯೆ ತಪ್ಪಿಸಲು ಕೋಲ್ಡ್ ಏರ್ ಇಂಟೇಕ್ ಎಂದು ಪೈಪನ್ನು ಕೆಳಗಿಳಿಸಿ ಬಂಪರಿನ ಹಿಂದೆ ಫಿಲ್ಟರ್ ಕೂರಿಸುವುದುಂಟು. ಅದನ್ನು ಮಾರುವವನು ಜುಲೈ ತಿಂಗಳನ್ನು ಮರೆತಿದ್ದಾನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಕಲ್ಯಾಣ, ಡೊಂಬಿವಲಿ, ಬದ್ಲಾಪುರವೆಲ್ಲ ನೀರಾಗಿದ್ದವು. 2019ರ ಜುಲೈನಲ್ಲಿ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ–ವಾಂಗಣಿ ನಡುವೆ ಉಲ್ಹಾಸ್ ನದಿಯ ನೆರೆಯಲ್ಲಿ ಸಿಕ್ಕಿಕೊಂಡು, ಸಾವಿರ ಪ್ರಯಾಣಿಕರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ರೈಲೇ ನಿಲ್ಲುವ ನಾಡಿನಲ್ಲಿ ಕಾರಿನ ಮೂಗನ್ನು ನೆಲಕ್ಕೆ ತಗ್ಗಿಸುವುದು ಯಾವ ಬುದ್ಧಿ? ಫಿಲ್ಟರ್ ಮುಳುಗಿದರೆ ಟರ್ಬೊ ನೀರನ್ನೂ ಎಳೆಯುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಬ್ಲಾಕ್ ಒಡೆದು ಹೊರಬರುತ್ತದೆ. ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ಇಲ್ಲದ ಸಾಮಾನ್ಯ ವಿಮೆ ಇಂಥ ಹಾನಿಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಕವರ್ ಇದ್ದರೂ, ತಿಳಿಸದೆ ಮಾಡಿದ ಮಾರ್ಪಾಡು ಕಂಡರೆ ಸರ್ವೇಯರ್ ಸುಮ್ಮನಿರುವುದಿಲ್ಲ.

ಮೈಲೇಜಿನ ಮಾತನ್ನು ಬೇಗ ಮುಗಿಸಬಹುದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ಆಧುನಿಕ ಕಾರುಗಳನ್ನು ಓಡಿಸಿ ನೋಡಿತು. ಇಂಧನ ಬಳಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ, ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಕಟ್ಟಿಹೋದ ಫಿಲ್ಟರೇ ಮೈಲೇಜ್ ತಿನ್ನದಿದ್ದರೆ, ಚೊಕ್ಕಟವಾಗಿರುವುದನ್ನು ಬದಲಿಸಿ ಮೈಲೇಜ್ ಎಲ್ಲಿಂದ ತರುತ್ತಾರೆ?

ಇಂಟೇಕ್ ಯಾವತ್ತೂ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ಇಸಿಯುವಿನ ಸಾಫ್ಟ್‌ವೇರ್ ತಿದ್ದಿ, ಅಂದರೆ ರೀಮ್ಯಾಪ್ ಮಾಡಿ, ಬೂಸ್ಟ್ ಏರಿಸಿದಾಗ, ದೊಡ್ಡ ಟರ್ಬೊ ಕೂರಿಸಿದಾಗ, ಹರಿಯುವ ಗಾಳಿ ಕಾರ್ಖಾನೆಯ ಲೆಕ್ಕ ಮೀರಿದಾಗ, ಡಬ್ಬಿ ನಿಜಕ್ಕೂ ಅಡ್ಡಿಯಾಗಬಹುದು. ಆಗ ಬಲ ತಂದದ್ದು ರೀಮ್ಯಾಪ್, ಇಂಟೇಕ್ ಅದಕ್ಕೆ ದಾರಿ ಬಿಟ್ಟಿತು ಅಷ್ಟೆ. ಆ ದಾರಿ ಹಿಡಿದವರು ವಾರಂಟಿ ಕಳೆದುಕೊಳ್ಳುತ್ತಾರೆ, ಕ್ಲಚ್, ಗೇರ್‌ಬಾಕ್ಸುಗಳ ಮೇಲೆ ಹೊರೆ ಹೇರುತ್ತಾರೆ, ಬಿಎಸ್6 ಹೊಗೆಯ ಮಿತಿಯನ್ನು ಮೀರುವ ಸಾಧ್ಯತೆಯನ್ನೂ ಹೊರುತ್ತಾರೆ. ತಿಳಿದು ಮಾಡುವವರ ಜೊತೆ ನನ್ನ ಜಗಳವಿಲ್ಲ. ಜಗಳವಿರುವುದು ದಿನವೂ ಐರೋಲಿಯ ಕಚೇರಿಗೋ ಬೇಲಾಪುರದ ಕಾಲೇಜಿಗೋ ಹೋಗಿಬರುವ ಹುಡುಗನಿಗೆ, ಅವನ ಹೊಚ್ಚಹೊಸ ಕಾರಿಗೆ ಉಸಿರು ಕಟ್ಟಿದೆ ಎಂದು ಹೆದರಿಸಿ ಮಾರುವವರ ಜೊತೆ.

ಮಾರುವವನನ್ನು ಒಂದು ಪರೀಕ್ಷೆ ಕೇಳಿ: ಅದೇ ಕಾರು, ಅದೇ ದಿನ, ಬಾನೆಟ್ ಮುಚ್ಚಿ, ಹೊಸ ಪೇಪರ್ ಫಿಲ್ಟರಿನಲ್ಲಿ ಮೂರು ಓಟ, ಅವನ ಇಂಟೇಕಿನಲ್ಲಿ ಮೂರು ಓಟ. ಒಪ್ಪದಿದ್ದರೆ ಎದ್ದು ಬನ್ನಿ. ಆ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿ, ಇಂಟರ್‌ಕೂಲರಿನ ರೆಕ್ಕೆಗಳಿಗೆ ಕಟ್ಟಿದ ಕೆಸರು ತೊಳೆಸಿ, ಬೂಸ್ಟ್ ಹೋಸ್ ಸೋರುತ್ತಿದೆಯೆ ನೋಡಿಸಿ, ಕೈಪಿಡಿಯಲ್ಲಿ ಧೂಳಿನ ಪ್ರದೇಶಕ್ಕೆಂದು ಬರೆದ ಗಡುವಿನಂತೆ ಪೇಪರ್ ಫಿಲ್ಟರ್ ಬದಲಿಸಿ. ಈಗಾಗಲೇ ಹಾಕಿಸಿಕೊಂಡಿದ್ದರೆ, ಕಂಪನಿಯ ಹಳೆಯ ಡಬ್ಬಿ ಅಟ್ಟದ ಮೇಲೋ ಗ್ಯಾರೇಜಿನ ಮೂಲೆಯಲ್ಲೋ ಇದ್ದರೆ, ಅದನ್ನು ಹುಡುಕಿ ತೆಗೆದು ಜೂನ್ ಮಳೆ ಹಿಡಿಯುವ ಮೊದಲೇ ಮತ್ತೆ ಕೂರಿಸಿಕೊಳ್ಳಿ.